ಹಳೆಯ ವ್ಯಾನಿನ ತಳಕ್ಕೆ ತುಕ್ಕಿನ ಮೇಲೆಯೇ ಹೊಸ ಕೋಟಿಂಗ್ ಹೊಡೆಯಬಹುದೇ?

ನಿಮ್ಮದು 1970ರ ದಶಕದ ಫೋಕ್ಸ್‌ವ್ಯಾಗನ್ ಟೈಪ್ 2, ತಳದ ಹಳೇ ಡಾಂಬರು ಕೋಟಿಂಗ್ ಅಲ್ಲಲ್ಲಿ ಎದ್ದಿದೆ, ತಂತಿ ಬ್ರಷ್ಷಿನಿಂದ ಉಜ್ಜಿ ಮೇಲೊಂದು ಕೋಟು ಹೊಡೆದರೆ ಸಾಕೇ ಅಂತ ಕೇಳಿದ್ದೀರಿ. ಸಾಲದು. ವಯಸ್ಸಾದ ಡಾಂಬರು ಗಟ್ಟಿಯಾಗಿ ಬಿರಿಯುತ್ತದೆ, ಬಿರುಕಿನಿಂದ ನೀರು ಹಿಂದಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಅದರ ಮೇಲೆ ಇನ್ನೊಂದು ಪದರ ಬಂದರೆ ತೇವ ಆರುವ ದಾರಿಯೂ ಮುಚ್ಚುತ್ತದೆ. ಹೊರಗೆ ಕಪ್ಪಗೆ ಚೆನ್ನಾಗಿ ಕಾಣುತ್ತಲೇ ಒಳಗೆ ತಗಡು ಸವೆಯುತ್ತಿರುತ್ತದೆ.

ಮೊದಲು ಎಷ್ಟು ಹಾಳಾಗಿದೆ ಅಂತ ತಿಳಿಯಿರಿ. ಸಣ್ಣ ಸುತ್ತಿಗೆಯಿಂದ ಇಡೀ ತಳವನ್ನು ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಈ ವ್ಯಾನಿನಲ್ಲಿ ಬಿಚ್ಚಿ ತೆಗೆಯುವ ಚಾಸಿಸ್ ಇಲ್ಲ. ಉದ್ದ ರೈಲುಗಳು (ತಳದ ಉದ್ದಕ್ಕೂ ಹೋಗುವ ತೊಲೆಗಳು), ಅಡ್ಡ ಪಟ್ಟಿಗಳು, ಪಕ್ಕದ ಸಿಲ್‌ಗಳು (ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಅಂಚು) ಎಲ್ಲವೂ ಬಾಡಿಗೇ ವೆಲ್ಡ್ ಆಗಿ ಭಾರ ಹೊರುತ್ತವೆ. ಅದರಲ್ಲೂ ಸಿಲ್‌ನಲ್ಲಿ ಒಳಗಿನದು, ನಡುವಿನದು, ಹೊರಗಿನದು ಅಂತ ಮೂರು ತಗಡುಗಳಿವೆ. ಹೊರಗಿನದು ಚೆನ್ನಾಗಿದೆ ಅಂದಮಾತ್ರಕ್ಕೆ ಒಳಗಿನ ಎರಡೂ ಚೆನ್ನಾಗಿವೆ ಅಂತಲ್ಲ. ನೀರಿಳಿಯುವ ತೂತಿನಿಂದ ಸಣ್ಣ ಬೋರ್‌ಸ್ಕೋಪ್ ಕ್ಯಾಮೆರಾ ತೂರಿಸಿ ನೋಡಿ.

ಕೆಲಸಕ್ಕೆ ಇಳಿಯುವ ಮುಂಚೆ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಮತ್ತು ಪೈಪುಗಳನ್ನು ಬಿಚ್ಚಿ ದೂರ ಇಡಿ. ಗ್ರೈಂಡರಿನ ಒಂದು ಕಿಡಿ ಸಾಕು. ವ್ಯಾನ್ ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್‌ಗಳ ಮೇಲೆ ಕೂತಿರಬೇಕು. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಜಾಕ್ ಕೊಡುವ ಜಾಗಗಳೇ ಮೊದಲು ಕೊಳೆಯುವುದು ಅನ್ನುವುದೂ ನೆನಪಿರಲಿ.

ಡಾಂಬರು ತೆಗೆಯಲು ನೇರ ಗ್ರೈಂಡರ್ ಹಿಡಿದರೆ ಅದು ಬಿಸಿಯಾಗಿ ಕರಗಿ ಎಲ್ಲೆಡೆ ಮೆತ್ತಿಕೊಳ್ಳುತ್ತದೆ. ಹೀಟ್ ಗನ್ನಿನಿಂದ ಮೆದುವಾಗುವಷ್ಟು ಮಾತ್ರ ಬಿಸಿ ಮಾಡಿ ಸ್ಕ್ರೇಪರ್‌ನಿಂದ ಎಬ್ಬಿಸಿ. ಹೊಗೆಯಾಡಿದರೆ ಬಿಸಿ ಹೆಚ್ಚಾಯಿತು ಅಂತ ಅರ್ಥ. ಉಳಿದ ಅಂಟನ್ನು ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಒರೆಸಿ. ಆ ಕಾಲದ ಕೆಲವು ಕೋಟಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್), ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಹಾಗಾಗಿ ಧೂಳೆಬ್ಬಿಸುವ ಮುಂಚೆ ಒಂದು ಚೂರನ್ನು ಪರೀಕ್ಷೆಗೆ ಕೊಡುವುದು ಒಳ್ಳೆಯದು. ಫಿಲ್ಟರ್ ಇರುವ ಮಾಸ್ಕ್ ಬೇಕು, ಬಟ್ಟೆಯದ್ದು ಸಾಲದು.

ತಗಡು ಕಂಡ ಮೇಲೆ ತಿರುಚು ತಂತಿಯ ಕಪ್ ಬ್ರಷ್ ಹಾಕಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ: ತಂತಿ ಬ್ರಷ್ ತುಕ್ಕನ್ನು ತೆಗೆಯುವುದರ ಜೊತೆಗೆ ಪಾಲಿಶ್ ಕೂಡ ಮಾಡುತ್ತದೆ. ತಗಡು ಹೊಳೆಯುತ್ತದೆ, ಆದರೆ ಬೆಳಕನ್ನು ಓರೆಯಾಗಿ ಹಿಡಿದರೆ ಸಾಸಿವೆ ಗಾತ್ರದ ಕಪ್ಪು ಗುಳಿಗಳು ಕಾಣುತ್ತವೆ. ಆ ಕಪ್ಪೇ ಉಳಿದ ತುಕ್ಕು. ಗುಳಿಗಳಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ, ಡಬ್ಬಿಯ ಮೇಲೆ ಹೇಳಿದಂತೆ ತೊಳೆದು ಪೂರ್ತಿ ಒಣಗಿಸಿ. ಎರಡು ತಗಡು ಕೂಡುವ ಸಂದಿಗೆ ಮಾತ್ರ ಅದನ್ನು ಸುರಿಯಬೇಡಿ. ಒಳಗೆ ಉಳಿದ ಆಮ್ಲ ಹೊರಬರುವುದಿಲ್ಲ, ಮೇಲಿನ ಬಣ್ಣವನ್ನು ಎಬ್ಬಿಸುತ್ತದೆ.

ತೂತಾದ ಕಡೆ ಫೈಬರ್, ಪುಟ್ಟಿ ಬೇಡವೇ ಬೇಡ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಮೂಲ ತಗಡಿನ ದಪ್ಪ ಅಳೆದು ಅಷ್ಟೇ ದಪ್ಪದ್ದು ಹಾಕಿ. ನೆಲದ ತಗಡಿಗೆ 1 ಮಿ.ಮೀ. ಆಸುಪಾಸಿನದು ಸಾಕಾಗುತ್ತದೆ, ರೈಲುಗಳಿಗೆ ಅದಕ್ಕಿಂತ ದಪ್ಪದ್ದು ಬೇಕು. ಸಿಲ್ ಕತ್ತರಿಸುವ ಮುಂಚೆ ಬಾಗಿಲಿನ ಜಾಗಕ್ಕೆ ಕಬ್ಬಿಣದ ಪೈಪನ್ನು ಅಡ್ಡ ಹಾಗೂ ಓರೆಯಾಗಿ ವೆಲ್ಡ್ ಮಾಡಿ ಬಿಗಿಯಿರಿ, ಒಂದು ಸಲಕ್ಕೆ ಒಂದೇ ಪಕ್ಕ ಮಾಡಿ. ಇಲ್ಲದಿದ್ದರೆ ಬಾಡಿ ನಡುವೆ ಕುಸಿದು, ಕೆಲಸ ಮುಗಿದ ಮೇಲೆ ಬಾಗಿಲೇ ಕೂಡುವುದಿಲ್ಲ. ಮಿಗ್ ವೆಲ್ಡರ್‌ಗೆ (ತಂತಿ ತಾನೇ ಹೊರಬರುವ ವೆಲ್ಡಿಂಗ್ ಯಂತ್ರ) 0.6 ಮಿ.ಮೀ. ತಂತಿ ಹಾಕಿ, 25–30 ಮಿ.ಮೀ.ಗೊಂದು ವೆಲ್ಡ್ ಚುಕ್ಕೆ ಇಡಿ. ಆಮೇಲೆ ಒಂದೊಂದು ಬದಿಯಿಂದ ಹಾರಿ ಹಾರಿ ನಡುವಿನ ಜಾಗ ತುಂಬಿ, ಒಂದೇ ಕಡೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಒಂದರ ಮೇಲೊಂದು ಬರುವ ಮುಖಗಳಿಗೆ ಮೊದಲೇ ಸತುವಿನ ವೆಲ್ಡ್-ಥ್ರೂ ಪ್ರೈಮರ್ (ಅದರ ಮೇಲೆಯೇ ವೆಲ್ಡ್ ಮಾಡಬಹುದಾದ ಪ್ರೈಮರ್) ಬಳಿಯಿರಿ. ಒಂದು ಎಚ್ಚರಿಕೆ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಜಾಗಕ್ಕೆ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅಸಿಟೋನ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಿ.

ಬರಿ ತಗಡು ಗಂಟೆಗಳಲ್ಲೇ ಮತ್ತೆ ಕೆಂಪಾಗಬಹುದು, ಅದಕ್ಕೇ ಒಂದು ದಿನದಲ್ಲಿ ಪ್ರೈಮರ್ ಹಾಕಲಾಗುವಷ್ಟು ಜಾಗವನ್ನು ಮಾತ್ರ ಬಿಚ್ಚುವುದು ವಾಸಿ. 80 ನಂಬರ್ ಮರಳುಕಾಗದದಿಂದ ಉಜ್ಜಿ, ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಎರಡು ಕೋಟು ಹಾಕಿ. ತಗಡು ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಎಲ್ಲ ಜೋಡಣೆಗಳಿಗೆ ಪಾಲಿಯುರೆಥೇನ್ ಸೀಲರ್ ಬರುವುದು ಎಪಾಕ್ಸಿಯ ಮೇಲೆ, ಬರಿ ತಗಡಿನ ಮೇಲಲ್ಲ. ಕೊನೆಗೆ ತಳಕ್ಕೆ ಚಾಸಿಸ್ ಬಣ್ಣ, ಚಕ್ರದ ಕಮಾನುಗಳಿಗೆ ಕಲ್ಲೇಟು ತಡೆಯುವ ಕೋಟಿಂಗ್. ದಪ್ಪ ಡಾಂಬರನ್ನು ಮತ್ತೆ ಹಾಕದಿರುವುದೇ ನನ್ನ ಸಲಹೆ: ಅದರಡಿ ಏನಾಗುತ್ತಿದೆ ಅಂತ ಮುಂದೆಂದೂ ಕಾಣುವುದಿಲ್ಲ. ಬ್ರೇಕ್ ಹೋಸ್, ರಬ್ಬರ್ ಬುಷ್, ನಟ್ಟುಬೋಲ್ಟಿನ ಥ್ರೆಡ್‌ಗಳನ್ನು ಟೇಪಿನಿಂದ ಮುಚ್ಚಿರಿ. ತುಕ್ಕು ಹಿಡಿದ ಬ್ರೇಕ್ ಪೈಪುಗಳನ್ನು ಬದಲಾಯಿಸುವುದಿದ್ದರೆ ಇದೇ ಸಮಯ. ತಾಮ್ರ-ನಿಕ್ಕಲ್ ಪೈಪ್ ಹಾಕಿದರೆ ಮತ್ತೆ ಕೆಂಪು ತುಕ್ಕು ಹಿಡಿಯುವುದಿಲ್ಲ.

ಸಿಲ್ ಮತ್ತು ರೈಲುಗಳ ಒಳಗೆ ಬ್ರಷ್ ಹೋಗುವುದಿಲ್ಲ, ವೆಲ್ಡಿಂಗ್ ಶಾಖಕ್ಕೆ ಅಲ್ಲಿನ ಬಣ್ಣವೂ ಸುಟ್ಟಿರುತ್ತದೆ. ಎಲ್ಲ ವೆಲ್ಡಿಂಗ್ ಮುಗಿದ ಮೇಲೆ, ಸುತ್ತಲೂ ಚಿಮ್ಮುವ ಉದ್ದ ನಳಿಕೆಯಿಂದ ಕ್ಯಾವಿಟಿ ಮೇಣ (ಟೊಳ್ಳು ಭಾಗಗಳ ಒಳಗೆ ತುಕ್ಕು ತಡೆಯುವ ಮೇಣ) ಹೊಡೆಯಿರಿ. ಡಬ್ಬಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಮೇಣ ತೆಳುವಾಗಿ ಸಂದಿಗಿಳಿಯುತ್ತದೆ. ನಳಿಕೆಯನ್ನು ತುದಿಯವರೆಗೆ ತೂರಿಸಿ, ಹೊಡೆಯುತ್ತಾ ನಿಧಾನವಾಗಿ ಹಿಂದಕ್ಕೆಳೆಯಿರಿ. ಕೆಳಗಿನ ತೂತುಗಳಿಂದ ತೊಟ್ಟಿಕ್ಕಿದರೆ ತಲುಪಿದೆ ಅಂತ ಲೆಕ್ಕ. ಸೈಲೆನ್ಸರ್ ಪೈಪಿನ ಮೇಲೆ ಬಿದ್ದದ್ದನ್ನು ಒರೆಸಿಬಿಡಿ. ಒಂದೆರಡು ದಿನದಲ್ಲಿ ತೊಟ್ಟಿಕ್ಕುವುದು ನಿಂತಾಗ ಪ್ರತಿ ತೂತಿನಲ್ಲೂ ಒಂದು ತಂತಿ ಆಡಿಸಿ, ಮೇಣ ಕಟ್ಟಿ ನೀರಿನ ದಾರಿ ಮುಚ್ಚಿಲ್ಲವೆಂದು ಖಚಿತ ಮಾಡಿಕೊಳ್ಳಿ.