ಅಮ್ಮನ ಕೈ ಮಲ್ಲಿಗೆಯಾ?

ನಮಸ್ಕಾರ. ಮುಂಬಯಿ ಹತ್ತಿರದ ಡೊಂಬಿವಿಲಿಯಿಂದ ನೀವು ಕಳಿಸಿದ, ಅಮ್ಮ ಮತ್ತು ಲೋಕಲ್ ರೈಲಿನ ಮೇಲಿನ ‘ಏಳು ಐವತ್ತರ ಗಾಡಿ’ ಕವಿತೆ ಓದಿದೆ. ವಿಷಯ ಒಳ್ಳೆಯದು, ಭಾಷೆ ತಿಳಿಯಾಗಿದೆ. ಆದರೆ ಇದನ್ನು ಹೀಗೇ ಅಚ್ಚು ಹಾಕಲಾರೆ. ಯಾಕೆ ಅಂತ ಹೇಳಿಬಿಡುತ್ತೇನೆ.

ನಿಮ್ಮ ಮೊದಲ ನಾಲ್ಕು ಸಾಲು:

ಬಂತು ಗಾಡಿ ಹೆಬ್ಬಾವಿನಂತೆ
ಬಾಗಿಲಲಿ ಜನ ಜೇನಿನಂತೆ
ಅಮ್ಮನ ಕೈ ಮಲ್ಲಿಗೆಯಂತೆ
ಅವಳ ಮೌನ ಸಾಗರದಂತೆ

‘ರೂಪಕಗಳನ್ನು ಬಳಸಿದ್ದೇನೆ’ ಅಂತ ಪತ್ರದಲ್ಲಿ ಬರೆದಿದ್ದೀರಿ. ‘ಅಂತೆ’ ಬಂದರೆ ಅದು ಉಪಮೆ. ‘ಗಾಡಿಯೆಂಬ ಹೆಬ್ಬಾವು’ ಅಂದಿದ್ದರೆ ರೂಪಕ. ಲಕ್ಷ್ಮೀಶ ಉಪಮಾಲೋಲ, ಕುಮಾರವ್ಯಾಸ ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂತ ಬೇರೆ ಬೇರೆ ಬಿರುದು ಕೊಟ್ಟಿರುವುದು ಸುಮ್ನೆ ಅಲ್ಲ. ಆದರೆ ಹೆಸರು ತಪ್ಪಿದ್ದು ನನಗೆ ದೊಡ್ಡದಲ್ಲ.

ಉಪಮೆಗೆ ನಾಲ್ಕು ಅಂಗ. ಗಾಡಿ ಉಪಮೇಯ, ಹೆಬ್ಬಾವು ಉಪಮಾನ, ‘ಅಂತೆ’ ವಾಚಕ. ನಾಲ್ಕನೆಯದು ಸಮಾನ ಧರ್ಮ, ಅಂದರೆ ಎರಡರಲ್ಲೂ ಇರುವ ಗುಣ. ಅದೆಲ್ಲಿ? ಹೇಳದೆ ಬಿಡಬಹುದು, ಅದು ಲುಪ್ತೋಪಮೆ. ಆದರೆ ಓದುವವನಿಗೆ ತಟ್ಟನೆ ಹೊಳೆಯಬೇಕು. ಹೆಬ್ಬಾವು ತೆವಳುತ್ತದೆ, ನಿಮ್ಮದು ಫಾಸ್ಟ್ ಗಾಡಿ. ಜನರನ್ನು ನುಂಗುತ್ತದೆ ಅನ್ನುವುದು ನಿಮ್ಮ ಮನಸ್ಸಿನಲ್ಲಿದ್ದರೆ ಆ ನುಂಗುವುದನ್ನೇ ತೋರಿಸಿ.

ಮಲ್ಲಿಗೆಯ ಸಾಲಿಗಂತೂ ನನಗೆ ಸಿಟ್ಟೇ ಬಂತು. ಅಮ್ಮ ದಿನವಿಡೀ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾರೆ, ಸೋಪಿಗೆ ಬೆರಳು ಬಿರಿದಿವೆ ಅಂತ ಮುಂದೆ ನೀವೇ ಬರೆದಿದ್ದೀರಿ. ಆ ಕೈಯನ್ನು ನೋಡಿದವರು ನೀವು. ಹಾಗಿದ್ದೂ ಯಾರದೋ ಹಳೇ ಹಾಡಿನ ಮಲ್ಲಿಗೆಯನ್ನು ತಂದು ಅದನ್ನು ಮುಚ್ಚಿದಿರಲ್ಲ.

ನಾನೂ ಇದೇ ಮಾಡಿದ್ದೆ. ಮುಂಬಯಿಯ ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗನಾಗಿದ್ದೆ, ರಾತ್ರಿ ಕನ್ನಡ ಶಾಲೆ. ಊರಲ್ಲಿದ್ದ ಅಮ್ಮನ ಮೇಲೆ ಪದ್ಯ ಬರೆದು ಮೇಷ್ಟ್ರಿಗೆ ಕೊಟ್ಟೆ. ಅಮ್ಮನ ನಡೆ ಹಂಸದಂತೆ ಅಂತ. ‘ಹಂಸ ನೋಡಿದ್ದೀಯೇನೋ?’ ಅಂದರು. ಇಲ್ಲ ಸಾರ್ ಅಂದೆ. ‘ಮತ್ತೆ ಏನು ನೋಡಿದ್ದೀಯ, ಅದನ್ನು ಬರಿ.’ ವಾರ ಕಳೆದು ಒಂದು ಸಾಲು ಒಯ್ದೆ: ‘ಒರೆಸಿದ ಮೇಜಿನ ಮೇಲೆ ನೀರು ಆರುವ ಹಾಗೆ ಅಮ್ಮನ ಮುಖ ಮರೆಯುತ್ತಿದೆ.’ ಮೇಷ್ಟ್ರು ಏನೂ ಹೇಳಲಿಲ್ಲ. ಬೋರ್ಡಿನ ಮೇಲೆ ಅದನ್ನೇ ಬರೆದು, ನಾಲ್ಕು ಅಂಗಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಆವತ್ತು ಕಲಿತ ಅಲಂಕಾರ ಇವತ್ತಿಗೂ ಮರೆತಿಲ್ಲ.

ಇನ್ನು ಪ್ರಾಸ. ಕವಿತೆಯಲ್ಲಿ ನನ್ನನ್ನು ನಿಲ್ಲಿಸಿದ ಜಾಗ ಇದು:

ಸೀಟು ಸಿಕ್ಕರೆ ಅಮ್ಮ ಮಟಾರ್ ಸುಲಿಯುತ್ತಾಳೆ
ಠಾಣೆ ದಾಟುವಷ್ಟರಲ್ಲಿ ಒಂದು ಪಲ್ಯಕ್ಕಾಗುವಷ್ಟು
ದೇವತೆಯಂತೆ ನಗು ಸುರಿಯುತ್ತಾಳೆ

ಬಟಾಣಿ ಸುಲಿಯುವ ಆ ಮೊದಲೆರಡು ಸಾಲಿಗೆ ಕಣ್ಣು ತುಂಬಿತು. ಇದರಲ್ಲಿ ಒಂದೂ ‘ಅಂತೆ’ ಇಲ್ಲ, ಗಮನಿಸಿದಿರಾ? ಮೂರನೆಯದು ‘ಸುಲಿಯುತ್ತಾಳೆ’ಗೆ ಜೋಡಿ ಬೇಕು ಅಂತ ಬಂದದ್ದು, ಅಲ್ವಾ? ‘-ಉತ್ತಾಳೆ’ ಅನ್ನುವುದು ಕ್ರಿಯಾಪದದ ಬಾಲ. ಕನ್ನಡದಲ್ಲಿ ಬರುತ್ತಾಳೆ, ಹೋಗುತ್ತಾಳೆ, ಏನು ಬರೆದರೂ ಅದು ತಾನಾಗಿ ಸೇರಿಕೊಳ್ಳುತ್ತದೆ. ಹಳೆಯ ಕವಿಗಳ ಪ್ರಾಸ ಇಷ್ಟು ಸಲೀಸಾಗಿರಲಿಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕಿತ್ತು. 1911ರಲ್ಲಿ ಗೋವಿಂದ ಪೈಗಳು ಆ ಕಟ್ಟನ್ನೇ ಬಿಟ್ಟು ಬರೆದರು. ಪ್ರಾಸ ಕೈಬಿಟ್ಟರೂ ಕವಿತೆ ನಿಲ್ಲುತ್ತದೆ ಅಂತ ಆಗಲೇ ತೋರಿಸಿದ್ದಾಯಿತು. ನೀವು ಯಾಕೆ ‘-ಉತ್ತಾಳೆ’ಗೆ ಹೆದರಬೇಕು?

ದೇವತೆಯನ್ನು ತೆಗೆಯಿರಿ. ಹೆಬ್ಬಾವು, ಜೇನು, ಮಲ್ಲಿಗೆ, ಸಾಗರವನ್ನೂ ತೆಗೆಯಿರಿ. ಆಮೇಲೆ ಒಂದು ಸಂಜೆ ಅಮ್ಮನ ಜೊತೆ ಆ ಗಾಡಿ ಹತ್ತಿ. ಸುಲಿದ ಸಿಪ್ಪೆಯನ್ನು ಅವರು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರಾ, ಚೀಲಕ್ಕೆ ಹಾಕುತ್ತಾರಾ? ಬಿರಿದ ಬೆರಳಿಗೆ ಸಿಪ್ಪೆ ತಾಗಿದಾಗ ಏನು ಮಾಡುತ್ತಾರೆ? ಅದನ್ನು ಬರೆದು ಕಳಿಸಿ, ಕಾಯುತ್ತಿರುತ್ತೇನೆ.