ಒಎಲ್‌ಇಡಿಲಿ ಇರೋ ಆರ್ಗ್ಯಾನಿಕ್ ವಸ್ತು ಬೆಳಕು ಕೊಡೋದೂ ಹೌದು, ಹಿಡಿಯೋದೂ ಹೌದಾ?

ಫೋನಿನ ಒಎಲ್‌ಇಡಿ (ಅಂದ್ರೆ ಆರ್ಗ್ಯಾನಿಕ್ ಎಲ್‌ಇಡಿ, ಕರೆಂಟ್ ಕೊಟ್ರೆ ತಾನೇ ಬೆಳಗೋದು) ಸ್ಕ್ರೀನಲ್ಲಿ ಆರ್ಗ್ಯಾನಿಕ್ ಅಂದ್ರೆ ಏನು, ಅದು ಬೆಳಕು ಕೊಡೋ ಹಾಗೆ ಬೆಳಕು ಹಿಡಿಯೋಕೂ ಆಗುತ್ತಾ ಅಂತ ಕೇಳಿದೀರ. ಆಗುತ್ತೆ. ಎಂಎಸ್ಸಿ ಮುಗಿಸಿ ಎರಡು ವರ್ಷ ಇಂಥದ್ದೇ ಲ್ಯಾಬಲ್ಲಿ ಗ್ಲೋವ್ ಬಾಕ್ಸ್ (ಗಾಳಿ ಹೋಗದ, ಕೈಗವಸು ಜೋಡಿಸಿರೋ ಪೆಟ್ಟಿಗೆ) ಒಳಗೆ ಕೈ ತೂರಿಸ್ಕೊಂಡು ಬೆವರಿದ್ದೀನಿ, ಅದಕ್ಕೇ ಬರೀತಿದೀನಿ.

ಮೊದಲನೇದು, ಇದು ಸಂತೇಲಿ ಸಿಗೋ ಆರ್ಗ್ಯಾನಿಕ್ ಬೆಲ್ಲದ ಆರ್ಗ್ಯಾನಿಕ್ ಅಲ್ಲ ಮಾರಾಯ್ರೆ, ಕೆಮಿಸ್ಟ್ರಿದು, ಅಂದ್ರೆ ಕಾರ್ಬನ್ ಇರೋ ಅಣುಗಳು. ಸಿಲಿಕಾನಲ್ಲಿ ಪರಮಾಣುಗಳೆಲ್ಲ ಗಟ್ಟಿಯಾಗಿ ಕೈ ಹಿಡ್ಕೊಂಡಿರ್ತಾವೆ, ಇಲ್ಲಿ ಅಣುಗಳು ಸುಮ್ನೆ ಪಕ್ಕಪಕ್ಕ ಬಿದ್ಕೊಂಡಿರ್ತಾವೆ, ಹಾಗಾಗಿ ಎಲೆಕ್ಟ್ರಾನ್ ಓಡಲ್ಲ, ಒಂದರಿಂದ ಇನ್ನೊಂದಕ್ಕೆ ಕುಂಟೆಬಿಲ್ಲೆ ಆಡ್ಕೊಂಡು ಹೋಗುತ್ತೆ.

ಮಜಾ ಏನಂದ್ರೆ ಎರಡೂ ಕೆಲಸ ಮಾಡಿ ತೋರಿಸಿದ್ದು ಒಬ್ರೇ, ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್. 1986ರಲ್ಲಿ ಎರಡು ಪದರದ ಸೋಲಾರ್ ಸೆಲ್, 1987ರಲ್ಲಿ ಸ್ಟೀವನ್ ವ್ಯಾನ್ ಸ್ಲೈಕ್ ಜೊತೆ ಎರಡು ಪದರದ ಎಲ್‌ಇಡಿ, 10 ವೋಲ್ಟ್‌ಗಿಂತ ಕಮ್ಮಿಲಿ ಹಸಿರು ಬೆಳಕು. ಎರಡರ ದಕ್ಷತೆನೂ ಸುಮಾರು 1% ಅಷ್ಟೆ. ಎಲ್‌ಇಡಿಲಿ ಎಲೆಕ್ಟ್ರಾನು ಮತ್ತೆ ಹೋಲ್ (ಎಲೆಕ್ಟ್ರಾನ್ ಇರ್ಬೇಕಾದ ಕಡೆ ಇರೋ ಖಾಲಿ ಜಾಗ) ಎರಡೂ ಪದರಗಳ ಗಡಿ ಹತ್ರ ಜೋಡಿ ಆಗ್ಬೇಕು, ಸೋಲಾರ್ ಸೆಲ್ಲಲ್ಲಿ, ಹಾಗೇ ಬೆಳಕು ಹಿಡಿಯೋ ಸೆನ್ಸರಲ್ಲಿ, ಬೆಳಕು ಬಿದ್ದು ಹುಟ್ಟಿದ ಜೋಡಿ ಅದೇ ಗಡೀಲಿ ಬೇರೆ ಆಗ್ಬೇಕು. ಒಂದೇ ಛತ್ರ, ಒಂದಿನ ಮದುವೆ, ಇನ್ನೊಂದಿನ ಡೈವೋರ್ಸು.

ಮದುವೆ ಕಡೆ ಒಂದು ದೊಡ್ಡ ತಲೆನೋವಿದೆ. ಕರೆಂಟ್ ಕೊಟ್ಟಾಗ ಆಗೋ ಪ್ರತಿ 4 ಜೋಡೀಲಿ 1 ಮಾತ್ರ ಸಿಂಗ್ಲೆಟ್, ಅದು ಬೆಳಗುತ್ತೆ, ಉಳಿದ 3 ಟ್ರಿಪ್ಲೆಟ್ (ಸ್ಪಿನ್ ಅನ್ನೋ ಎಲೆಕ್ಟ್ರಾನ್ ಗುಣ ಜೋಡೀಲಿ ಹೇಗೆ ಹೊಂದ್ಕೊಂಡಿದೆ ಅನ್ನೋದ್ರ ಮೇಲೆ ಈ ಹೆಸರುಗಳು), ಸಾಮಾನ್ಯ ಅಣುಗಳಲ್ಲಿ ಅವು ಬೆಳಕು ಕೊಡದೆ ಬಿಸಿಯಾಗಿ ಹೋಗ್ಬಿಡ್ತಾವೆ, ಅಂದ್ರೆ ಮುಕ್ಕಾಲು ಪಾಲು ನೀರಲ್ಲಿ ಹೋಮ. ಅಮೆರಿಕದ ವಿಜ್ಞಾನಿಗಳಾದ ಫಾರೆಸ್ಟ್ ಮತ್ತೆ ಥಾಂಪ್ಸನ್ ಅವರ ತಂಡ 1998ರಲ್ಲಿ ಪ್ಲಾಟಿನಂ, ಆಮೇಲೆ ಇರಿಡಿಯಂ ಇರೋ ಅಣು ಬಳಸಿ ಆ ಮೂರನ್ನೂ ಬೆಳಗಿಸಿದ್ರು. ಕೆಂಪು, ಹಸಿರು ಹಾಗೆ ಗೆದ್ವು. ನೀಲಿ ಕೈ ಕೊಡ್ತು: ನೀಲಿಗೆ ಬೇಕಾದ ಎನರ್ಜಿ ಜಾಸ್ತಿ, ಅದನ್ನ ಹೊತ್ಕೊಂಡು ಟ್ರಿಪ್ಲೆಟ್ ಜಾಸ್ತಿ ಹೊತ್ತು ಕೂತ್ರೆ ಅಣುವಿನ ಬಾಂಡೇ ಮುರಿಯುತ್ತೆ. ಅದಕ್ಕೇ ಫೋನುಗಳಲ್ಲಿ ಎಷ್ಟೋ ವರ್ಷ ನೀಲಿಗೆ ಹಳೇ ಥರದ ಅಣುನೇ ಇಟ್ಕೊಂಡಿದ್ದು. 2012ರಲ್ಲಿ ಜಪಾನಿನ ಕ್ಯೂಷೂ ಯೂನಿವರ್ಸಿಟಿಯ ಅಡಾಚಿ ತಂಡ ದುಬಾರಿ ಲೋಹನೇ ಇಲ್ದೆ, ಬರೀ ರೂಮಿನ ಶಾಖದಲ್ಲೇ ಟ್ರಿಪ್ಲೆಟನ್ನ ಸಿಂಗ್ಲೆಟ್ ಮಾಡಿ ತೋರಿಸ್ತು, ನನಗೆ ಈ ಫೀಲ್ಡಲ್ಲಿ ತುಂಬಾ ಇಷ್ಟವಾದ ಕೆಲಸ ಅದು.

ಸೆನ್ಸರ್ ಕಡೆ ಲಾಭ ಅಂದ್ರೆ 100 ನ್ಯಾನೊಮೀಟರ್ ಆಸುಪಾಸಿನ ಪದರನೇ ತುಂಬಾ ಬೆಳಕು ನುಂಗುತ್ತೆ, ಬಗ್ಗೋ ಪ್ಲಾಸ್ಟಿಕ್ ಮೇಲೂ ಹಚ್ಚಬಹುದು, ಯಾವ ಬಣ್ಣ ಹಿಡೀಬೇಕು ಅನ್ನೋದನ್ನ ಅಣು ಬದಲಾಯಿಸಿ ಹೊಂದಿಸಬಹುದು. ಆದ್ರೆ ಫೋನ್ ಕ್ಯಾಮೆರಾದಿಂದ ಸಿಲಿಕಾನನ್ನ ಸದ್ಯಕ್ಕೆ ಓಡಿಸುತ್ತೆ ಅಂತ ನನಗನ್ಸಲ್ಲ, ಕುಂಟೆಬಿಲ್ಲೆ ನಿಧಾನ ನೋಡಿ.

ಹಾಗಾದ್ರೆ ಎಲ್‌ಇಡಿನೇ ಸೆನ್ಸರ್ ಮಾಡಬಹುದಾ? ಒಂದು ಸಲ ಲ್ಯಾಬಲ್ಲಿ ನಮ್ಮ ಎಲ್‌ಇಡಿ ಆಫ್ ಇದ್ರೂ ಮೀಟರಲ್ಲಿ ಸಣ್ಣ ಕರೆಂಟ್ ತೋರಿಸ್ತಿತ್ತು, ಅರ್ಧ ದಿನ ವೈರ್ ಎಲ್ಲ ಬಿಚ್ಚಿ ಹುಡುಕಿದ್ವಿ, ಕೊನೆಗೆ ಯಾರೋ ಹೊರಗೆ ಹೋಗ್ತಾ ಟ್ಯೂಬ್‌ಲೈಟ್ ಆರಿಸಿದ್ರು, ಕರೆಂಟೂ ನಿಂತೋಯ್ತು.