ಮನೆಯಲ್ಲಿ ಯಾರೂ ಹೇಳಿಕೊಡದಿದ್ದರೂ ಮಗುವಿಗೆ ಬಣ್ಣದ ಭೇದ ಎಲ್ಲಿಂದ ಬರುತ್ತದೆ?

ನಾಲ್ಕು ವರ್ಷದ ಮಗಳು "ಆ ಕಪ್ಪು ಹುಡುಗಿ ಪಕ್ಕ ಕೂರಲ್ಲ" ಅಂದಳು, ಮನೆಯಲ್ಲಿ ನಾವು ಅಂಥ ಮಾತು ಆಡಿದ್ದೇ ಇಲ್ಲ ಅಂತ ಬರೆದಿದ್ದೀರಿ. ನಿಮ್ಮ ಮಾತನ್ನು ನಂಬುತ್ತೇನೆ. ಪುಟ್ಟ ಮಕ್ಕಳಿಗೆ ಕಲಿಸುವ ನನಗೆ ಬೇರೆ ತಂದೆತಾಯಂದಿರೂ ಇದನ್ನೇ ಹೇಳಿದ್ದಾರೆ. ಆದರೆ ಈ ವಯಸ್ಸಿನ ಮಕ್ಕಳು ನಮ್ಮ ಮಾತಿಗಿಂತ ಜಾಸ್ತಿ ನಮ್ಮ ಮುಖ ನೋಡಿ ಕಲಿಯುತ್ತಾರೆ.

ಆಗ ತಾನೇ ಹುಟ್ಟಿದ ಮಗುವಿಗೆ ಯಾವ ಜನಾಂಗದ ಮುಖವಾದರೂ ಒಂದೇ. ಮೂರು ತಿಂಗಳಾಗುವಷ್ಟರಲ್ಲಿ ದಿನಾ ಕಾಣುವಂಥ ಮುಖಗಳನ್ನೇ ಹೆಚ್ಚು ಹೊತ್ತು ನೋಡತೊಡಗುತ್ತದೆ. ಇದು ದ್ವೇಷ ಅಲ್ಲ, ಬರೀ ರೂಢಿ. ಇಸ್ರೇಲ್‌ನಲ್ಲಿ ಕಪ್ಪು, ಬಿಳಿ ಎರಡೂ ಬಣ್ಣದವರ ನಡುವೆ ಬೆಳೆಯುತ್ತಿದ್ದ ಇಥಿಯೋಪಿಯಾ ಮೂಲದ ಕೂಸುಗಳಲ್ಲಿ ಈ ಒಲವು ಕಾಣಲಿಲ್ಲ.

ಯಾರು ಮೇಲು, ಯಾರು ಕೀಳು ಅನ್ನುವುದು ಸೇರಿಕೊಳ್ಳುವುದು ಆಮೇಲೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ವಿಡಿಯೋ ತೋರಿಸಿದರು. ಅದರಲ್ಲಿ ಒಬ್ಬರನ್ನು ನಗುತ್ತಾ ಮಾತಾಡಿಸುತ್ತಾರೆ, ಇನ್ನೊಬ್ಬರ ಹತ್ತಿರ ಮುಖ ಗಂಟಿಕ್ಕಿ ದೂರ ಸರಿಯುತ್ತಾರೆ. ಕೆಟ್ಟ ಮಾತು ಒಂದೂ ಇಲ್ಲ. ಆದರೂ ಹೆಚ್ಚಿನ ಮಕ್ಕಳು ಮೊದಲನೆಯವರನ್ನೇ ಮೆಚ್ಚಿದರು. ಅವರ ಸ್ನೇಹಿತರನ್ನೂ ಮೆಚ್ಚಿದರು! ಬೀದಿಯಲ್ಲಿ ನಾವು ಯಾರನ್ನು ಕಂಡು ಮಗುವಿನ ಕೈ ಬಿಗಿಯಾಗಿ ಹಿಡಿಯುತ್ತೇವೆ, ಯಾರನ್ನು ಮನೆಗೆ ಕರೆಯುತ್ತೇವೆ, ಎಲ್ಲವೂ ಅದಕ್ಕೆ ಪಾಠವೇ ಅಲ್ವಾ?

ಹಾಗಂತ ತಪ್ಪೆಲ್ಲ ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ ಕಪ್ಪು ಮಕ್ಕಳ ಮುಂದೆ ಬಿಳಿ, ಕಂದು ಗೊಂಬೆಗಳನ್ನಿಟ್ಟು ಯಾವುದು ಚೆನ್ನಾಗಿದೆ ಅಂತ ಕೇಳಿದ್ದರು. ತುಂಬಾ ಮಕ್ಕಳು ಬಿಳಿಯದನ್ನೇ ತೋರಿಸಿದರು. 1954ರಲ್ಲಿ ಶಾಲೆಗಳ ವರ್ಣಭೇದದ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲೂ ಕ್ಲಾರ್ಕ್ ಅವರ ಕೆಲಸದ ಉಲ್ಲೇಖವಿದೆ. ಯಾವ ತಾಯಿ ತನ್ನ ಮಗುವಿಗೆ "ನೀನು ಕೀಳು" ಅಂತ ಕಲಿಸುತ್ತಾಳೆ? ಸುತ್ತಲಿನ ಸಮಾಜ ಕಲಿಸಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗೇನು ಮಾಡಬೇಕು? "ಶ್, ಹಾಗನ್ನಬಾರದು" ಅಂತ ಬಾಯಿ ಮುಚ್ಚಿಸಬೇಡಿ. ಇದು ಮಾತಾಡಬಾರದ ವಿಷಯ ಅಂತಷ್ಟೇ ಅವಳು ತಿಳಿಯುತ್ತಾಳೆ. ಯಾಕೆ ಹಾಗನ್ನಿಸಿತು ಅಂತ ಸಮಾಧಾನವಾಗಿ ಕೇಳಿ. ಚರ್ಮದಲ್ಲಿರುವ ಮೆಲನಿನ್‌ನಿಂದ ಬಣ್ಣ ಬೇರೆಯಾಗುತ್ತದೆ, ಒಳ್ಳೆಯವರು ಕೆಟ್ಟವರು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ನೇರವಾಗಿ ಹೇಳಿ. ಹಾಗೆ ಅಂದರೆ ಆ ಹುಡುಗಿಗೆ ನೋವಾಗುತ್ತದೆ ಅನ್ನುವುದನ್ನೂ ಹೇಳಿ.

ಚೀನಾದ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಆಫ್ರಿಕಾ ಮೂಲದವರ ಮುಖಗಳನ್ನು ಒಬ್ಬೊಬ್ಬರನ್ನಾಗಿ ಗುರುತಿಸಲು ಕಲಿಸಿದಾಗ ಅವರ ಒಳಗಿನ ಪೂರ್ವಗ್ರಹ ಕಡಿಮೆಯಾಯಿತು. ಆದ್ದರಿಂದ ಮೊದಲು ಆ ಹುಡುಗಿಯ ಹೆಸರು ತಿಳಿದುಕೊಳ್ಳಿ. ಇಬ್ಬರಿಗೂ ಒಟ್ಟಿಗೆ ಆಡಲು ಅವಕಾಶ ಮಾಡಿಕೊಡಿ. ನೀವೂ ಅವಳ ಅಪ್ಪ ಅಮ್ಮನ ಜೊತೆ ನಿಮ್ಮ ಮಗಳ ಎದುರಿಗೇ ನಾಲ್ಕು ಮಾತಾಡಿ.